ಉಣ್ಣುವುದಕ್ಕೆ ಕಾಕಾನ ಪದ

ಪಕ್ಕದ ಮನೆಯಲ್ಲಿ ಹೂರಣ ಬೇಯುವ ವಾಸನೆ ಬಂದರೆ ಎಲ್ಲರಿಗೂ ಹಬ್ಬ ನೆನಪಾಗುತ್ತದೆ. ನನಗೆ ಒಂದು ಕ್ರಿಯಾಪದ ನೆನಪಾಗುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಕಿಟಕಿ ಪಕ್ಕ ಕೂತು ಪೇಪರ್ ಓದುತ್ತಿದ್ದೆ. ಕಡಲೆಬೇಳೆ, ಬೆಲ್ಲ, ಏಲಕ್ಕಿ ಕೂಡಿದ ಬಿಸಿ ವಾಸನೆ ಕಾಂಪೌಂಡ್ ಗೋಡೆ ದಾಟಿ ಬಂತು. ನನ್ನ ಬಾಯಿ ನನ್ನನ್ನು ಕೇಳದೆಯೇ ‘ಮಂಜಸ್, ಮಂಜಿಸ್, ಮಂಜೊಸ್’ ಎಂದು ಶುರು ಮಾಡಿತು. ನೀವು ನನ್ನ ತಲೆಯ ಬಗ್ಗೆ ಅನುಮಾನ ಪಡುವ ಮೊದಲೇ ಹೇಳಿಬಿಡುತ್ತೇನೆ: ಅನುಮಾನ ಪಡುವುದು ನನ್ನ ಕಸುಬು, ಅದನ್ನು ದಯವಿಟ್ಟು ನನಗೇ ಬಿಡಿ. ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಯಾವಾಗಲೂ ‘ವಿಷಯದ ವಿರುದ್ಧವಾಗಿ’ ಮಾತಾಡುತ್ತಿದ್ದವಳು. ವಿಷಯ ಯಾವುದಾದರೂ ಸರಿ. ಆಗ ಗೆದ್ದ ಕಪ್ಪುಗಳು ಇನ್ನೂ ಅಟ್ಟದ ಮೇಲಿವೆ. ಅವುಗಳಲ್ಲಿ ದೊಡ್ಡದರೊಳಗೆ ಅಜ್ಜಿ ಹುಣಸೆಬೀಜ ತುಂಬಿಟ್ಟಿದ್ದಾಳೆ.

ಆ ಕ್ರಿಯಾಪದ ಮಂಜಾರ್. ಅರ್ಥ, ಉಣ್ಣುವುದು. ಭಾಷೆಯ ಹೆಸರು ಇದೋ. ‘ಇದೋ, ತಗೊಳ್ಳಿ’ ಎಂದು ನಾವು ಕೈ ಚಾಚುವ ಇದೋ ಅಲ್ಲ. ನೂರು ವರ್ಷಕ್ಕೂ ಹಿಂದೆ ಯುರೋಪಿನ ಕೆಲವು ಪಂಡಿತರು, ಆಗಲೇ ಇದ್ದ ಎಸ್ಪೆರಾಂತೋ ಎಂಬ ಕಟ್ಟಿದ ಭಾಷೆಯನ್ನು ತಿದ್ದಿ ತೀಡಿ ಇನ್ನೊಂದನ್ನು ಮಾಡಿದರು. ಎಸ್ಪೆರಾಂತೋದಲ್ಲಿ ಇದೋ ಎಂದರೆ ಸಂತಾನ. ಹೆತ್ತ ಮನೆಯ ಜೊತೆ ತಕರಾರು ಮಾಡಿ ಬೇರೆ ಒಲೆ ಹೂಡಿದ ಸಂತಾನ ಎಂದಿಟ್ಟುಕೊಳ್ಳಿ. ಲೋಕದ ಜನರಿಗೆಲ್ಲ ಇದು ಎರಡನೆಯ ಭಾಷೆಯಾಗಲಿ, ಒಬ್ಬರಿಗೊಬ್ಬರು ಅರ್ಥವಾಗಲಿ ಎಂಬುದು ಅವರ ಆಸೆ. ಲೋಕದ ಜನ ಆ ಹೊತ್ತಿಗೆ ಬೇರೆ ಕೆಲಸದಲ್ಲಿದ್ದರು. ಈಗ ಅಲ್ಲೊಬ್ಬರು ಇಲ್ಲೊಬ್ಬರು ಅದನ್ನು ಕಲಿಯುತ್ತಾರೆ, ಬರೆಯುತ್ತಾರೆ. ನಮ್ಮ ಹೊಸಪೇಟೆಯಲ್ಲಿ ಅದನ್ನು ಬಲ್ಲವನು ಒಬ್ಬನೇ ಒಬ್ಬ, ನನ್ನ ಕಾಕಾ.

ಕಾಕಾ ಎಂದರೆ ಅಪ್ಪನ ತಮ್ಮ. ಮದುವೆಯಾಗಲಿಲ್ಲ. ನಮ್ಮ ಮನೆಯ ಮಹಡಿಯ ಕೋಣೆ ಅವನದು. ಸಂಡೂರಿನ ಹತ್ತಿರ ಅದಿರು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಮಿಸ್ಟ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಬಿಳಿ ಅಂಗಿ ಹಾಕಿಕೊಂಡು ಹೊರಟರೆ ಸಂಜೆ ಅದಿರಿನ ದೂಳಿನಿಂದ ಕಾವಿಯಾದ ಅಂಗಿಯಲ್ಲಿ ವಾಪಸಾಗುತ್ತಾನೆ. ಮಾತು ಬಹಳ ಕಡಿಮೆ. ಮನೆಗೆ ನೆಂಟರು ಬಂದರೆ ‘ಬರ್ರಿ, ಕೂಡ್ರಿ’ ಎಂದು ಹೇಳಿ, ಅವರು ಕೂಡುವ ಮೊದಲೇ ತಾನು ಮೆಟ್ಟಿಲು ಹತ್ತಿಬಿಡುವ ಮನುಷ್ಯ. ಮೇಲಿನ ಕೋಣೆಯಿಂದ ಮಾತ್ರ ಸಣ್ಣ ದನಿಯಲ್ಲಿ ಏನೋ ಕೇಳಿಸುತ್ತಿರುತ್ತದೆ. ಸಂಧ್ಯಾವಂದನೆ ಇರಬೇಕು ಎಂದು ಬಂದವರು ಮೆಚ್ಚುತ್ತಾರೆ. ಅಜ್ಜಿ ಅವರ ಭ್ರಮೆಯನ್ನು ಕೆಡಿಸುವುದಿಲ್ಲ. ಅವರು ಹೋದ ಮೇಲೆ ನನ್ನ ಹತ್ತಿರ ಮಾತ್ರ, ಸಕಾಲಕ್ಕೆ ಒಂದು ಮದುವೆ ಮಾಡಿದ್ದರೆ ಹೀಗೆ ಗೋಡೆಯ ಜೊತೆ ಮಾತಾಡುತ್ತಾ ಕೂಡುತ್ತಿರಲಿಲ್ಲ ಎಂದು ಗೊಣಗುತ್ತಾಳೆ. ಮದುವೆಯಾದವರು ಗೋಡೆಯ ಜೊತೆ ಮಾತಾಡುವುದಿಲ್ಲವೇ ಎಂದು ನಾನು ವಿರುದ್ಧ ಪಕ್ಷ ಹಿಡಿಯುತ್ತೇನೆ.

ಲ್ಯಾಬಿನಲ್ಲಿ ಅವನ ಕೆಲಸ ಅದಿರಿನ ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು. ಕರಗುವವರೆಗೆ ಕಾಯಬೇಕು. ಆಮೇಲೆ ಉದ್ದನೆಯ ಗಾಜಿನ ಕೊಳವೆಯಿಂದ ಹನಿ ಹನಿ ದ್ರಾವಣ ಬಿಡುತ್ತಾ, ಬಣ್ಣ ನೇರಳೆಗೆ ತಿರುಗುವ ಗಳಿಗೆಗಾಗಿ ಕಣ್ಣು ನೆಟ್ಟು ಕೂಡಬೇಕು. ಇಂಥ ಕಾಯುವ ಹೊತ್ತಿನಲ್ಲಿ ಉಳಿದವರು ಫೋನ್ ನೋಡುತ್ತಾರೆ. ಕಾಕಾ ನೋಡುತ್ತಿದ್ದದ್ದೂ ಫೋನನ್ನೇ. ಅದರಲ್ಲಿ ಮಾತ್ರ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಇದೋ ವ್ಯಾಕರಣ ಇತ್ತು. ಒಂದು ಸ್ಯಾಂಪಲ್ಲಿಗೆ ಒಂದು ಕ್ರಿಯಾಪದ, ಇದು ಅವನ ಪದ್ಧತಿ. ಅದಿರು ಕರಗುವಷ್ಟರಲ್ಲಿ ಎಲ್ಲ ರೂಪಗಳೂ ಬಾಯಿಗೆ ಬರಬೇಕು. ಬಣ್ಣ ತಿರುಗುವಷ್ಟರಲ್ಲಿ ಒಂದು ವಾಕ್ಯ ಕಟ್ಟಿರಬೇಕು. ಒಂದು ಮಧ್ಯಾಹ್ನ ಊಟದ ಡಬ್ಬಿ ಎದುರಿಗೇ ಇತ್ತಂತೆ, ಸ್ಯಾಂಪಲ್ ಮಾತ್ರ ಏನು ಮಾಡಿದರೂ ಕರಗುತ್ತಿರಲಿಲ್ಲವಂತೆ. ಆ ಹಸಿವಿನಲ್ಲಿ ಅವನ ಪಾಲಿಗೆ ಬಂದದ್ದು ಮಂಜಾರ್. ಇಷ್ಟು ಸರಿಯಾದ ಹೊತ್ತಿನಲ್ಲಿ ಯಾರೂ ಯಾವ ಕ್ರಿಯಾಪದವನ್ನೂ ಕಲಿತಿರಲಿಕ್ಕಿಲ್ಲ.

ಇದನ್ನೆಲ್ಲ ಅವನು ನನಗೆ ಹೇಳಿದ್ದು ಮಹಡಿಯ ಮೇಲೆ, ಒಣಗಿದ ಬಟ್ಟೆ ತೆಗೆಯಲು ನಾನು ಹೋದಾಗಲೆಲ್ಲ ಒಂದಷ್ಟು. ಆಗ ನಾನು ಕಾಲೇಜಿನಲ್ಲಿದ್ದೆ. ಬೇರೆ ಯಾರ ಎದುರೂ ಬಾಯಿ ಬಿಡದವನು ಈ ವಿಷಯಕ್ಕೆ ಬಂದರೆ ನನ್ನ ಎದುರು ತೆರೆದುಕೊಳ್ಳುತ್ತಿದ್ದ. ಮಂಜಾರ್ ಪದದ ಹುಟ್ಟು ಹೀಗೆ: ಫ್ರೆಂಚರು ಮಾಂಜೆ ಎನ್ನುತ್ತಾರೆ, ಇಟಲಿಯವರು ಮಂಜಾರೆ ಎನ್ನುತ್ತಾರೆ. ಎರಡಕ್ಕೂ ಮೂಲ ಲ್ಯಾಟಿನ್ನಿನ ಒಂದು ಪದ. ಅದರ ಅರ್ಥ ಉಣ್ಣುವುದಲ್ಲ, ಅಗಿಯುವುದು. ಹಲ್ಲಿನ ಒರಟು ಕೆಲಸಕ್ಕಿದ್ದ ಮಾತು ಜನರ ಬಾಯಲ್ಲಿ ಉರುಳಿ ಉರುಳಿ ಮೆತ್ತಗಾಗಿ ಊಟವಾಯಿತು. ಇದೋ ಕಟ್ಟಿದವರು ಹೊಸ ಪದ ಹುಟ್ಟಿಸಲಿಲ್ಲ, ಹೆಚ್ಚು ಜನರ ಕಿವಿಗೆ ಪರಿಚಯವಿರುವ ಪದವನ್ನು ಆರಿಸಿಕೊಂಡರು ಎಂದು ಕಾಕಾ ಹೆಮ್ಮೆಯಿಂದ ಹೇಳಿದ. ಹೆಚ್ಚು ಜನ ಎಂದರೆ ಯಾರು, ಕಂಪ್ಲಿಯವರನ್ನು ಕೇಳಿದ್ದರೇ, ದರೋಜಿಯವರನ್ನು ಕೇಳಿದ್ದರೇ ಎಂದು ನಾನು ಅಡ್ಡಗಾಲು ಹಾಕಿದೆ. ಕೇಳಲಿಲ್ಲ, ಅದು ಅವರ ತಪ್ಪೇ ಎಂದು ತಕ್ಷಣ ಒಪ್ಪಿಕೊಂಡುಬಿಟ್ಟ. ಎದುರಾಳಿ ತಪ್ಪನ್ನು ತಕ್ಷಣ ಒಪ್ಪಿಕೊಂಡರೆ ವಾದ ಮಾಡುವವರಿಗೆ ಆಗುವ ನಿರಾಸೆ ನಿಮಗೆ ಗೊತ್ತಿರಲಾರದು.

ಆದರೆ ಆ ಕ್ರಿಯಾಪದದ ರೂಪಗಳನ್ನು ಅವನು ಬಿಡಿಸಿ ಹೇಳಿದಾಗ, ಒಪ್ಪುತ್ತೇನೆ, ನಾನು ಕೈಯಲ್ಲಿದ್ದ ಬಟ್ಟೆಯನ್ನು ಮರೆತು ನಿಂತೆ. ನಾವು ಒಂದನೆಯ ತರಗತಿಯಲ್ಲಿ ಕಾಗುಣಿತ ಕಲಿಯಲಿಲ್ಲವೇ, ಹಾಗೆಯೇ ಇದು. ಮಂಜ್ ಎಂಬುದನ್ನು ಹಿಡಿದುಕೊಳ್ಳಿ, ಕೊನೆಗೆ ಒಂದು ಸ್ ಇಡಿ, ನಡುವಿನ ಸ್ವರವನ್ನು ಮಾತ್ರ ಬದಲಿಸಿ. ಅ ಎಂದರೆ ಈಗ: ಮಂಜಸ್, ಉಣ್ಣುತ್ತೇನೆ. ಇ ಎಂದರೆ ಆಗ: ಮಂಜಿಸ್, ಉಂಡೆ. ಒ ಎಂದರೆ ಇನ್ನು ಮುಂದೆ: ಮಂಜೊಸ್, ಉಣ್ಣುವೆ. ಉ ಎಂದರೆ ಎಲ್ಲಕ್ಕಿಂತ ಚೆಂದದ್ದು. ಮಂಜುಸ್: ಹೊಟ್ಟೆಯಲ್ಲಿ ಜಾಗ ಇದ್ದಿದ್ದರೆ ಉಣ್ಣುತ್ತಿದ್ದೆ. ನಾವು ಇಷ್ಟುದ್ದ ಎಳೆದು ಹೇಳುವ ಹಂಬಲವೆಲ್ಲ ಒಂದು ಉಕಾರದಲ್ಲಿ ಕೂತಿದೆ. ಇನ್ನು ಎದುರಿಗಿದ್ದವರಿಗೆ ‘ಉಣ್ಣಿರಿ’ ಎನ್ನಬೇಕಾದರೆ ಮಂಜೆಝ್. ಮುಗಿಯಿತು. ನಾನು ಉಂಡರೂ ಮಂಜಿಸ್, ನೀನು ಉಂಡರೂ ಮಂಜಿಸ್, ಅವನು, ಅವಳು, ಅವರು, ರಾಜ, ಮಂತ್ರಿ, ಯಾರು ಉಂಡರೂ ಮಂಜಿಸ್. ಕನ್ನಡದಲ್ಲಿ ಉಣ್ಣು ಎಂಬುದು ಉಂಡ ಆಗುತ್ತದೆ, ತಿನ್ನು ತಿಂದ ಆಗುತ್ತದೆ, ಬೇಯು ಬೆಂದ ಆಗುತ್ತದೆ, ಮಗು ಒಂದೊಂದನ್ನೂ ಬೇರೆಯಾಗಿ ಕಲಿಯಬೇಕು. ಇಲ್ಲಿ ಒಂದು ಕಲಿತರೆ ಎಲ್ಲ ಬಂತು. ನಿಯಮಕ್ಕೆ ಅಪವಾದವೇ ಇಲ್ಲ. ದಿನಾ ಒಂದೊಂದು ತರಹ ವರ್ತಿಸುವ ಅದಿರನ್ನು ನೋಡಿ ದಣಿದವನಿಗೆ ಇದು ಎಂಥ ತಂಪು ಎಂದು ನನಗೆ ಅವತ್ತು ಹೊಳೆಯಿತು. ಹೇಳಲಿಲ್ಲ. ಬದಲಿಗೆ, ಉಣ್ಣುವುದಕ್ಕೂ ತಿನ್ನುವುದಕ್ಕೂ ಒಂದೇ ಪದವೇ, ಅನ್ನ ತಿಂದೆ ಎಂದರೆ ನಮ್ಮ ಅಜ್ಜಿ ಬೈಯುತ್ತಾಳೆ, ನಿನ್ನ ಭಾಷೆ ಬಡವರ ಮನೆಯದು ಎಂದೆ.

ಕಾಕಾ ನಕ್ಕು, ಪದದ ಕೊನೆಗೆ ಹಚ್ಚುವ ಬಾಲಗಳ ವಿಷಯ ಎತ್ತಿಕೊಂಡ. ಒಂದು ಬಾಲ ಹಚ್ಚಿದರೆ ಮಂಜೆಬ್ಲಾ, ತಿನ್ನಬಹುದಾದದ್ದು. ಇನ್ನೊಂದು ಹಚ್ಚಿದರೆ ಮಂಜಿಂದಾ, ತಿನ್ನಲು ಯೋಗ್ಯವಾದದ್ದು. ಮತ್ತೊಂದು ಹಚ್ಚಿದರೆ ಮಂಜೆಂದಾ, ತಿನ್ನಲೇಬೇಕಾದದ್ದು. ಲ್ಯಾಬಿನ ಕ್ಯಾಂಟೀನಿನ ಉಪ್ಪಿಟ್ಟು ಮಂಜೆಬ್ಲಾ. ಅಜ್ಜಿಯ ಹೋಳಿಗೆ ಮಂಜಿಂದಾ. ಏಕಾದಶಿಯ ಮರುದಿನ ಉಪವಾಸ ಮುರಿಯುವ ಅಗಸೆಸೊಪ್ಪು ಮಂಜೆಂದಾ. ನಮ್ಮ ಮನೆಯ ಅಡುಗೆಯ ಇಡೀ ನ್ಯಾಯಶಾಸ್ತ್ರವೇ ಮೂರು ಪದಗಳಲ್ಲಿ ಬಂದುಬಿಟ್ಟಿತ್ತು. ಆ ರಾತ್ರಿಯ ಊಟದಲ್ಲಿ ನಾನು ಹಾಗಲಕಾಯಿ ಪಲ್ಯವನ್ನು ಯಾವ ಬಾಲಕ್ಕೆ ಸೇರಿಸುವುದು ಎಂದು ಯೋಚಿಸುತ್ತಾ ಕೂತಿದ್ದೆ. ಅಂದರೆ ಆ ಭಾಷೆ ನನ್ನ ತಟ್ಟೆಯೊಳಗೆ ಆಗಲೇ ಬಂದಿತ್ತು.

ಆದರೂ ಕಪ್ಪು ಗೆದ್ದವಳು ಸುಮ್ಮನೆ ಬಿಡುತ್ತಾಳೆಯೇ? ನನ್ನ ಹತ್ತಿರ ಒಂದು ಗಟ್ಟಿಯಾದ ವಾದ ಇತ್ತು. ಅದನ್ನು ಒಂದು ದಿನ ಪೂರ್ತಿಯಾಗಿ ಮಂಡಿಸಿದೆ. ವ್ಯಾಕರಣ ಚೆಂದ ಇರಬಹುದು, ಚದುರಂಗದ ನಿಯಮಗಳೂ ಚೆಂದವೇ. ಆದರೆ ಭಾಷೆ ಎಂದರೆ ಎದುರಿಗೊಬ್ಬರು ಇರಬೇಕು.

“ಕಾಕಾ, ಇಷ್ಟು ವರ್ಷದಾಗ ನಿನಗ ಯಾರರ ಎದುರು ಕೂತು, ಆ ಭಾಷ್ಯಾಗ ‘ಅಲ್ಲ’ ಅಂತ ಅಂದಾರೇನು? ಅಲ್ಲ ಅನ್ನೋರು ಇಲ್ಲಂದ್ರ ಅದು ಭಾಷಣ ಆತು, ಭಾಷೆ ಅಲ್ಲ.”

ಕಾಕಾ ಈ ಸಲ ಒಪ್ಪಿಕೊಳ್ಳಲಿಲ್ಲ. ತಂತಿಯ ಮೇಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಒಂದು ಮೂಲೆಗೆ ಸರಿಸುತ್ತಾ ನಿಂತ. ಗೆದ್ದ ವಾದಗಳಲ್ಲಿ ಎಲ್ಲವೂ ಕೆಳಗಿಳಿದು ಬಂದು ಅಜ್ಜಿಗೆ ಹೇಳಿಕೊಳ್ಳುವಂಥವಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕಂಪ್ಲಿಗೆ ಹೋಗಿ ಬರೋಣ. ಅಲ್ಲಿ ನಮ್ಮ ಸೋದರತ್ತೆಯ ಮನೆ. ಮುಂಜಿವೆ, ಸಮಾರಾಧನೆ, ಏನೇ ಇದ್ದರೂ ಬಡಿಸಲು ಕಾಕಾನಿಗೆ ಕರೆ ಬರುತ್ತದೆ. ಮಾತಾಡದ ಈ ಮನುಷ್ಯ ಪಂಚೆ ಕಟ್ಟಿ, ಹೆಗಲ ವಸ್ತ್ರವನ್ನು ಸೊಂಟಕ್ಕೆ ಬಿಗಿದು, ಕೈಯಲ್ಲಿ ತುಪ್ಪದ ಮಿಳ್ಳಿ ಹಿಡಿದನೆಂದರೆ ಬೇರೆಯೇ ಜೀವ. ಪಂಕ್ತಿಯ ಉದ್ದಕ್ಕೂ ಅವನ ದನಿಯೇ. ಯಾರು ಸಾರಿಗೆ ಕಾಯುತ್ತಿದ್ದಾರೆ, ಯಾರು ನಾಚಿಕೊಂಡು ಎಲೆ ಮಡಿಸಲು ನೋಡುತ್ತಿದ್ದಾರೆ, ಯಾರ ‘ಬ್ಯಾಡ’ ನಿಜವಾದ ಬ್ಯಾಡ, ಯಾರದು ‘ಇನ್ನೊಮ್ಮೆ ಕೇಳು’ ಎಂಬ ಬ್ಯಾಡ, ಎಲ್ಲ ಅವನಿಗೆ ಎಲೆ ನೋಡಿದರೇ ಗೊತ್ತು. ದೊಡ್ಡ ದೊಡ್ಡ ಆಫೀಸರುಗಳನ್ನು ಗದರಿಸಿ ಉಣಿಸುತ್ತಾನೆ. ಬಡಿಸುವವರು ಕೊನೆಯ ಪಂಕ್ತಿಗೆ. ಆ ಹೊತ್ತಿಗೆ ಹೋಳಿಗೆ ಚೂರಾಗಿರುತ್ತದೆ, ಸಾರು ತಣ್ಣಗಾಗಿರುತ್ತದೆ, ಉಂಡವರು ಎಲೆ ಅಡಿಕೆ ಹಾಕಿಕೊಂಡು ಬಸ್ಸಿನ ಹೊತ್ತು ಕೇಳುತ್ತಿರುತ್ತಾರೆ. ಮುಂಡಿಗೆಯ ಕಂಬಕ್ಕೆ ಒರಗಿ ಕೂತು, ತಣ್ಣಗಿನ ಸಾರಿನಲ್ಲಿ ಅನ್ನ ಕಲಸುವ ಹೊತ್ತಿಗೆ ಕಾಕಾ ಮತ್ತೆ ಮಹಡಿಯ ಕಾಕಾ ಆಗಿಬಿಡುತ್ತಿದ್ದ. ನಮ್ಮಲ್ಲಿ ಹೆಂಗಸರದೂ ಕೊನೆಯ ಪಂಕ್ತಿಯೇ ಆದ್ದರಿಂದ ಅವನ ಎದುರಿಗೆ ನಾನು ಕೂತಿರುತ್ತಿದ್ದೆ, ನೋಡಿದ್ದೇನೆ.

ಆಮೇಲೆ ಆ ಸುದ್ದಿ ಬಂತು. ಕಾಕಾ ಇಂಟರ್‌ನೆಟ್ಟಿನಲ್ಲಿ ಇದೋ ಬರೆಯುವವರ ಗುಂಪೊಂದರಲ್ಲಿ ಇದ್ದ. ಅಲ್ಲಿ ಪರಿಚಯವಾದ ಮಾರ್ತಾ ಎಂಬ ಜರ್ಮನಿಯ ಹೆಂಗಸು, ನಿವೃತ್ತ ನರ್ಸ್, ಭಾರತ ನೋಡಲು ಬರುತ್ತಿದ್ದಳು. ಹಂಪಿಗೂ ಬರುತ್ತೇನೆ, ಬಂದರೆ ನಿಮ್ಮ ಜೊತೆ ಒಂದು ದಿನ ಮಾತಾಡಬೇಕು ಎಂದು ಬರೆದಿದ್ದಳು. ಕಾಕಾ ಒಂದು ವಾರ ಸಂಡೂರಿಗೆ ಹೋಗಿ ಬಂದನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಂಡ. ಮಹಡಿಯಿಂದ ಬರುವ ದನಿ ಹೊತ್ತುಗೊತ್ತಿಲ್ಲದೆ ಬರತೊಡಗಿತು. ಊಟ ನಮ್ಮ ಮನೆಯಲ್ಲೇ ಎಂದು ಅಜ್ಜಿ ತೀರ್ಮಾನ ಹೇಳಿದಳು. ದೂರದಿಂದ ಬಂದವಳನ್ನು ಹೋಟೆಲಿನಲ್ಲಿ ಉಣಿಸಿದರೆ ಮನೆಯ ಮರ್ಯಾದೆ ಏನಾಗಬೇಕು ಎಂಬುದು ಅವಳ ವಾದ. ಅವಳ ವಾದಗಳಿಗೆ ನಮ್ಮ ಮನೆಯಲ್ಲಿ ವಿರುದ್ಧ ಪಕ್ಷ ಇಲ್ಲ. ಹಿಂದಿನ ದಿನ ಬಟ್ಟೆ ತೆಗೆಯಲು ಹೋದೆ. ಕಾಕಾ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದ. ನಾನು ಏನೂ ಕೇಳದಿದ್ದರೂ ಹೇಳಿದ.

“ಬರೀಲಿಕ್ಕೆ ಬರ್ತದ ನನಗ. ಯಾರ ಜೋಡಿನೂ ಮಾತಾಡೇ ಇಲ್ಲಲ್ಲವಾ ಯಾವತ್ತೂ. ನಾಳೆ ಅಕಿ ಬಂದು ಎದುರು ನಿಂತು, ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲಂದ್ರ, ಇಷ್ಟು ವರ್ಷ ನಾ ಮಾಡಿದ್ದು ಏನು ಅಂತ ಅನ್ನೋದು?”

ಹೊರಡ್ತದ ಬಿಡು ಕಾಕಾ ಎಂದೆ. ನನಗೇ ನಂಬಿಕೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಆಟೋದಲ್ಲಿ ಹಂಪಿಗೆ ಹೋದೆವು. ಇಂಗ್ಲಿಷ್ ಬೇಕಾದೀತು ಎಂದು ನನ್ನನ್ನೂ ಕರೆದೊಯ್ದಿದ್ದ. ಮಾರ್ತಾ ಎತ್ತರದ, ಅಗಲ ಹೆಗಲಿನ, ಬಿಳಿಕೂದಲಿನ ಹೆಂಗಸು. ಕಾಕಾನನ್ನು ಕಂಡೊಡನೆ ಎರಡೂ ಕೈ ಚಾಚಿ ಒಂದು ಪ್ರವಾಹವನ್ನೇ ಹರಿಸಿದಳು. ಕಾಕಾ ‘ಎಸ್’ ಎಂದ. ಇಲ್ಲೊಂದು ತಮಾಷೆ ಇದೆ: ಇದೋ ಭಾಷೆಯಲ್ಲಿಯೂ ಹೌದು ಎಂಬುದಕ್ಕೆ ಎಸ್ ಎಂದೇ ಅನ್ನುತ್ತಾರೆ. ಹಾಗಾಗಿ ಹೇಮಕೂಟದ ಬಂಡೆಗಳ ಮೇಲೆ, ನದಿಯ ದಂಡೆಯಲ್ಲಿ, ಮಹಾನವಮಿ ದಿಬ್ಬದ ಮೆಟ್ಟಿಲುಗಳಲ್ಲಿ ಕಾಕಾ ಎಸ್, ಎಸ್ ಎನ್ನುತ್ತಾ ಬಂದದ್ದು ಇಂಗ್ಲಿಷೋ ಇದೋನೋ ಎಂದು ಹೇಳಲು ಸಾಧ್ಯವಿರಲಿಲ್ಲ. ಬೇರೆ ಒಂದು ಪದವೂ ಬರಲಿಲ್ಲ. ಅವಳು ಕೇಳುತ್ತಿದ್ದಳು, ಅವನ ತುಟಿ ಅಲುಗುತ್ತಿತ್ತು, ವಾಕ್ಯ ಒಳಗೇ ಕಟ್ಟುತ್ತಿತ್ತು, ಕಟ್ಟಿ ಮುಗಿಯುವಷ್ಟರಲ್ಲಿ ಅವಳು ಮುಂದಿನ ಕಲ್ಲಿಗೆ ಹೋಗಿರುತ್ತಿದ್ದಳು. ಪಾಪ, ಅವಳೂ ನಿಧಾನ ಮಾಡಿ ನೋಡಿದಳು. ಅವಳು ನಿಧಾನ ಮಾಡಿದಷ್ಟೂ ಕಾಕಾನ ಮುಖ ಕೆಂಪಾಯಿತು. ಕೊನೆಗೆ ಮಾರ್ತಾ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಿಸಿಲಿನ ಬಗ್ಗೆ ಏನೋ ಕೇಳಿದಳು, ನಾನು ಉತ್ತರ ಕೊಟ್ಟೆ, ಹಾಗೇ ಮಾತು ನಮ್ಮಿಬ್ಬರದಾಯಿತು. ಕಾಕಾ ನಮ್ಮ ಹಿಂದೆ ನೀರಿನ ಬಾಟಲಿಗಳನ್ನು ಹಿಡಿದುಕೊಂಡು ಬಂದ. ನನ್ನ ವಾದ ಗೆದ್ದಿತ್ತು. ನಾನು ಆವತ್ತಿನಷ್ಟು ಯಾವ ಸ್ಪರ್ಧೆಯಲ್ಲೂ ಸೋಲಲು ಬಯಸಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದೆವು. ಪಡಸಾಲೆಯಲ್ಲಿ ಮಾರ್ತಾಗೊಂದು ಮಣೆ, ಪಕ್ಕದಲ್ಲಿ ನನಗೊಂದು. ಅತಿಥಿ ಒಬ್ಬಳೇ ಉಣ್ಣಬಾರದೆಂದು ಅಜ್ಜಿ ನನಗೆ ಮೊದಲ ಪಂಕ್ತಿಗೆ ಬಡ್ತಿ ಕೊಟ್ಟಿದ್ದಳು. ಎಲೆ ಹಾಕಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಬಂತು. ಕಾಕಾ ಅಂಗಿ ತೆಗೆದು ಪಂಚೆ ಉಟ್ಟು ಬಡಿಸಲು ನಿಂತ. ಮುಖ ಇನ್ನೂ ಹಂಪಿಯದೇ. ಮಾರ್ತಾ ಎಲ್ಲವನ್ನೂ ರುಚಿ ನೋಡಿದಳು, ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ತಿಂದಳು, ಇನ್ನೊಂದನ್ನೂ ತಿಂದಳು. ಮೂರನೆಯದು ಬಂದಾಗ ಎರಡು ಅಗಲವಾದ ಅಂಗೈಗಳನ್ನು ಎಲೆಯ ಮೇಲೆ ಛತ್ರಿಯ ಹಾಗೆ ಹಿಡಿದು, ನೊ, ದಾಂಕೊ, ಬೇಡ, ಧನ್ಯವಾದ ಎಂದಳು.

ಇಲ್ಲಿ ಅವಳು ಮಾಡಬಾರದ್ದನ್ನು ಮಾಡಿದಳು. ನಮ್ಮ ಕಡೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ಬೇಡ ಎನ್ನುವುದಲ್ಲ, ಬಡಿಸುವವನನ್ನು ಅಖಾಡಕ್ಕೆ ಕರೆಯುವುದು. ಕಾಕಾನ ಬೆನ್ನು ನೆಟ್ಟಗಾಯಿತು. ಕಂಪ್ಲಿಯ ಕಾಕಾ ಬಂದುಬಿಟ್ಟ.

“ಮಂಜೆಝ್!”

ಪಡಸಾಲೆಯೇ ತುಂಬಿದ ದನಿ. ಅಡುಗೆಮನೆಯಲ್ಲಿ ಅಜ್ಜಿಯ ಕೈಯ ಸವಟು ನಿಂತಿತು. ಮಾರ್ತಾ ಬೆಚ್ಚಿ, ಆಮೇಲೆ ನಕ್ಕು, ಸಾಕು ಎಂದು ಏನೋ ಹೇಳಿದಳು. ಒಂದೇ ಒಂದು ಎಂದ ಕಾಕಾ. ಸಾಕು ಎಂದರೆ ಸಾಕು, ನಾನು ನರ್ಸ್, ಹೊಟ್ಟೆಯ ಅಳತೆ ನನಗೆ ಗೊತ್ತು ಎಂದಳು ಅವಳು. ಹೊಟ್ಟೆಯ ಅಳತೆಗೂ ಹೋಳಿಗೆಗೂ ಸಂಬಂಧವಿಲ್ಲ, ಇದು ಮಂಜೆಬ್ಲಾ ಅಲ್ಲ, ಮಂಜಿಂದಾ ಕೂಡ ಅಲ್ಲ, ಮಂಜೆಂದಾ ಎಂದು ಕಾಕಾ ಹೋಳಿಗೆಯನ್ನು ಎತ್ತಿ ಸಾಕ್ಷಿಯ ಹಾಗೆ ತೋರಿಸಿದ. ಆ ಬಾಲಗಳು ಗೊತ್ತಿದ್ದರಿಂದ ನಾನೂ ಅಷ್ಟನ್ನು ಹಿಡಿದೆ, ಉಳಿದದ್ದನ್ನು ಕಾಕಾ ಆಮೇಲೆ ಹೇಳಿದ್ದು. ಅವಳು ತಲೆ ಅಲ್ಲಾಡಿಸಿ ವಾದ ಮಂಡಿಸಿದಳು, ಅವನು ಖಂಡಿಸಿದ. ಅವಳು ನಕ್ಕು ಇನ್ನೊಂದು ಹೇಳಿದಳು, ಅವನು ಅವಳ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟ. ವಾಕ್ಯಗಳನ್ನು ಒಳಗೆ ಕಟ್ಟಿ ನೋಡುವಷ್ಟು ಪುರಸೊತ್ತು ಅವನಿಗ್ಯಾರು ಕೊಡುತ್ತಾರೆ? ಮಾತು ಬಾಯಲ್ಲೇ ಹುಟ್ಟುತ್ತಿತ್ತು. ಒಬ್ಬರು ಇನ್ನೊಬ್ಬರಿಗೆ ‘ನೊ, ನೊ’ ಎನ್ನುತ್ತಿದ್ದರು. ಅಲ್ಲ, ಅಲ್ಲ. ಅಜ್ಜಿ ಬಾಗಿಲಿಗೆ ಬಂದು ನಿಂತು, ಈ ಹುಡುಗನಿಗೆ ಇಷ್ಟೊಂದು ಮಾತು ಬರುತ್ತದೆಯೇ ಎಂಬಂತೆ ನೋಡುತ್ತಿದ್ದಳು.

ಆಗ ಮಾರ್ತಾ ವಾದದ ದಿಕ್ಕನ್ನೇ ಬದಲಿಸಿದಳು. ಕೈಗಳನ್ನು ಎಲೆಯ ಮೇಲಿಂದ ತೆಗೆದು, ಅವನನ್ನು ಮೇಲಿನಿಂದ ಕೆಳಗಿನವರೆಗೆ, ಬೆಳಗಿನಿಂದ ಬಿಸಿಲಲ್ಲಿ ತಿರುಗಿ ಈಗ ಬೆವರುತ್ತಾ ನಿಂತವನನ್ನು, ನರ್ಸುಗಳು ನೋಡುವ ಹಾಗೆ ನೋಡಿದಳು.

“ಎ ವು? ಕಾದ್ ವು ಮಂಜಿಸ್?”

ಮತ್ತೆ ನೀವು? ನೀವು ಉಂಡಿರಾ?

ಕಾಕಾ ತಟ್ಟೆ ಹಿಡಿದುಕೊಂಡು ನಿಂತೇ ಇದ್ದ. ಊಟ ಆತೇನ್ರಿ ಎಂದು ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುವ ಊರು ನಮ್ಮದು. ಆದರೆ ಪಂಕ್ತಿಯಲ್ಲಿ ಕೂತವರು ಬಡಿಸುವವನನ್ನು ಅದನ್ನು ಕೇಳುವುದಿಲ್ಲ. ಕೇಳಿದ್ದನ್ನು ನಾನಂತೂ ನೋಡಿಲ್ಲ. ನಾನೂ ಕೇಳಿದವಳಲ್ಲ, ಕೇಳಬೇಕೆಂದು ಹೊಳೆದೇ ಇರಲಿಲ್ಲ. ಕಾಕಾ ಮೆಲ್ಲಗೆ ‘ನೊ’ ಎಂದ, ಇಲ್ಲ. ಆಮೇಲೆ ‘ಮೆ ಮಂಜೊಸ್’ ಎಂದ, ಉಣ್ಣುವೆ. ಯಾವಾಗ ಎಂದಳು. ಆಮೇಲೆ ಎಂದ. ಈಗ ಎಂದಳು. ಆ ‘ಈಗ’ಕ್ಕೆ ಇದೋ ಭಾಷೆಯಲ್ಲಿ ನುನ್ ಎನ್ನುತ್ತಾರೆ. ಅವಳು ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿ ನುನ್ ಎಂದದ್ದು ಹೇಗಿತ್ತೆಂದರೆ, ಆಸ್ಪತ್ರೆಯಲ್ಲಿ ಎಷ್ಟು ಹಟಮಾರಿ ರೋಗಿಗಳಿಗೆ ಅವಳು ಔಷಧಿ ಕುಡಿಸಿರಬೇಕು ಎಂದು ನನಗೆ ಅರ್ಥವಾಯಿತು. ಎದುರಾಳಿಯ ಅಸ್ತ್ರವನ್ನೇ ಕಿತ್ತುಕೊಂಡು ಅವನ ಮೇಲೆ ಬಿಡುವುದನ್ನು ಚರ್ಚೆಯಲ್ಲಿ ನಮಗೆ ಕಲಿಸಿದ್ದರು. ಇಷ್ಟು ಚೆನ್ನಾಗಿ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಕಾಕಾ ಅಜ್ಜಿಯ ಮುಖ ನೋಡಿದ. ಅಜ್ಜಿಗೆ ಒಂದಕ್ಷರ ಅರ್ಥವಾಗಿರಲಿಲ್ಲ, ಆದರೆ ನೆಲ ತಟ್ಟಿದ್ದು ಅರ್ಥವಾಗಲು ಭಾಷೆ ಯಾಕೆ ಬೇಕು.

“ಕೂಡೋ. ಅಕಿ ಕರೀಲಿಕ್ಕತ್ಯಾಳ,” ಎಂದಳು. “ನಾ ಬಡಸ್ತೀನಿ.”

ಕಾಕಾ ಕೂತ. ಅವನು ಬಿಸಿ ಹೋಳಿಗೆ ತಿನ್ನುವುದನ್ನು ನಾನು ಅವತ್ತೇ ಮೊದಲ ಸಲ ನೋಡಿದ್ದು. ಒಂದೊಂದು ತುತ್ತಿನ ನಡುವೆ ಮಾರ್ತಾ ಏನೋ ಕೇಳುತ್ತಿದ್ದಳು, ಇವನು ಹೇಳುತ್ತಿದ್ದ, ಕೈ ಒಣಗುವವರೆಗೂ ಇಬ್ಬರೂ ಎಲೆ ಬಿಟ್ಟು ಏಳಲಿಲ್ಲ. ಅದಿರು, ಆಸಿಡ್ಡು, ಸಂಡೂರಿನ ಬಸ್ಸು, ಅವಳ ಆಸ್ಪತ್ರೆ, ಅವಳ ಗಂಡ ತೀರಿಕೊಂಡ ಮೇಲೆ ಅವಳೂ ಅಡುಗೆಮನೆಯಲ್ಲಿ ಒಬ್ಬಳೇ ಇದೋ ಮಾತಾಡಿಕೊಳ್ಳುತ್ತಿದ್ದದ್ದು, ಎಲ್ಲ ಬಂದವಂತೆ. ಅವನ ಇದೋದಲ್ಲಿ ತಪ್ಪುಗಳು ಬೇಕಾದಷ್ಟಿದ್ದವು ಎಂದು ಸಂಜೆ ಹೊರಡುವಾಗ ಮಾರ್ತಾ ನನಗೆ ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ, ಬರೆಯುವಾಗ ಅವರು ಪುಸ್ತಕದಂತೆ ಬರೆಯುತ್ತಾರೆ, ಇವತ್ತು ಮನುಷ್ಯರಂತೆ ಮಾತಾಡಿದರು ಎಂದಳು. ನಾನು ಇದನ್ನು ಕಾಕಾನಿಗೆ ಹೇಳಿದೆ. ಅವನು ಮೊದಲ ಭಾಗವನ್ನು ಮಾತ್ರ ಹಿಡಿದುಕೊಂಡು, ಎಲ್ಲೆಲ್ಲಿ ತಪ್ಪಿದೆ ಎಂದು ಹೇಳಿದಳಾ ಎಂದು ವಾರಗಟ್ಟಲೆ ನನ್ನ ತಲೆ ತಿಂದ.

ಮುಂದೆ ಏನಾಯಿತೆಂದು ನೀವು ಊಹಿಸಿರುತ್ತೀರಿ. ಎದುರಿಗೊಬ್ಬರು ಬೇಕು ಎಂದವಳು ನಾನೇ ತಾನೆ. ಮಾರ್ತಾ ಹೊರಟುಹೋದ ಮೇಲೆ ಆ ಜಾಗ ಖಾಲಿಯಾಯಿತು, ನನಗಂತೂ ಬೇರೆಯವರಿಗೆ ಮಾತಾಡುವ ಜಾಗ ಬಿಟ್ಟುಕೊಟ್ಟು ಅಭ್ಯಾಸವಿಲ್ಲ. ಕಲಿತೆ. ಭಾಷೆಯ ಮೇಲಿನ ನನ್ನ ಆಕ್ಷೇಪಗಳು ಒಂದೂ ಕಡಿಮೆಯಾಗಿಲ್ಲ. ಲೋಕದ ಭಾಷೆ ಎಂದುಕೊಂಡು ಯುರೋಪಿನ ಮನೆಗಳಿಂದಷ್ಟೇ ಪಾತ್ರೆ ತಂದದ್ದು ಈಗಲೂ ನನಗೆ ಒಪ್ಪಿಗೆಯಿಲ್ಲ. ಆದರೆ ಈಗ ಆ ಆಕ್ಷೇಪಗಳನ್ನು ಇದೋದಲ್ಲೇ ಎತ್ತುತ್ತೇನೆ, ಕಾಕಾ ಇದೋದಲ್ಲೇ ಖಂಡಿಸುತ್ತಾನೆ. ಮತ್ತು ಅವನು ಮೊದಲಿನಷ್ಟು ಸುಲಭವಾಗಿ ತಪ್ಪು ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದಾನೆ.

ಕಳೆದ ಭಾನುವಾರ ಯಾವುದೋ ಕೆಲಸಕ್ಕೆ ಇಬ್ಬರೂ ಸಂಡೂರಿಗೆ ಹೋಗಿದ್ದೆವು. ಬಸ್ಸಿನಲ್ಲಿ ಇದೋದಲ್ಲೇ ಜಗಳ ಹತ್ತಿತು. ಬಸ್ ಸ್ಟ್ಯಾಂಡಿನಲ್ಲಿ ತಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯದೇ ವಿಷಯ. ಮಿರ್ಚಿ ಚೆನ್ನಾಗಿತ್ತು ಎಂದು ನಾನು, ಎಣ್ಣೆ ಹಳೆಯದು ಎಂದು ಅವನು. ಎಣ್ಣೆಗೂ ಮಿರ್ಚಿಗೂ ಬೇರೆ ಬೇರೆ ತೀರ್ಪು ಕೊಡಬೇಕೆಂದು ನಾನು, ಆಸಿಡ್ಡು ಕೆಟ್ಟರೆ ರಿಸಲ್ಟೂ ಕೆಟ್ಟಿತು ಎಂದು ಅವನು. ಲಾರಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ಸುತ್ತ ಜನ ಇದ್ದಾರೆಂಬ ಪರಿವೆಯೇ ಅವನಿಗಿರಲಿಲ್ಲ. ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಬದನೆಕಾಯಿ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ತಡೆಯಲಾರದೆ ಹಿಂದೆ ತಿರುಗಿದಳು.

“ಯಾವೂರ್ ಮಾತ್ರೀ ಅದು?”

ನಾನು ಉತ್ತರ ಕೊಡಲು ಬಾಯಿ ತೆರೆದೆ. ನೂರು ವರ್ಷಕ್ಕೂ ಹಿಂದೆ ಯುರೋಪಿನಲ್ಲಿ ಎಂದು ಶುರು ಮಾಡುವವಳಿದ್ದೆ. ಕಾಕಾ ನನಗಿಂತ ಮೊದಲೇ ಹೇಳಿದ.

“ಹೊಸಪೇಟಿದು.”

ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. “ನಾನೂ ಅಲ್ಲ್ಯಾಕೀನ ಅದೀನಿ. ಒಂದಿನಾನೂ ಕೇಳಿಲ್ಲ.”

“ಈಗ ಕೇಳಿದ್ರೆಲ್ಲ,” ಎಂದ ಕಾಕಾ, ಆಮೇಲೆ ನನ್ನ ಕಡೆ ತಿರುಗಿ ಎಣ್ಣೆಯ ವಿಷಯವನ್ನು ಬಿಟ್ಟಲ್ಲಿಂದ ಎತ್ತಿಕೊಂಡ.